ಕಿಟಕಿಗೆ ಐದು ಓಟು

ಮುದ್ದಾಪುರದ ಗೋದಾಮು ಓಣಿಯಲ್ಲಿ ಕಿಟಕಿ ಇರುವುದು ತೆರೆಯಲಿಕ್ಕಲ್ಲ, ಮುಚ್ಚಲಿಕ್ಕೆ. ಓಣಿಯ ತುದಿಗೆ ಅಂದಾನಪ್ಪ ಸಾವ್ಕಾರರ ಮೆಣಸಿನಪುಡಿ ಕಾರ್ಖಾನೆ ನಿಂತಿದೆ. ಬೆಳಗಾಗಿ ಗಿರಣಿ ಶುರುವಾಯಿತೆಂದರೆ ಗಾಳಿಯೇ ಕೆಂಪಗಾಗುತ್ತದೆ. ಹಿತ್ತಲಲ್ಲಿ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕುಂಕುಮದಲ್ಲಿ ಹೊರಳಾಡಿ ಬಂದಂತಿರುತ್ತದೆ. ಹೊರಗಿನಿಂದ ಬಂದ ನೆಂಟರು ಸೀನಿ ಸೀನಿ, ಉಂಡ ಕೈ ತೊಳೆಯುವ ಮೊದಲೇ ಬಸ್ಸು ಹತ್ತುತ್ತಾರೆ. ಓಣಿಯವರಿಗೆ ಮಾತ್ರ ಸೀನು ಬರುವುದಿಲ್ಲ. ಅದು ಎಂದೋ ಬಿಟ್ಟುಹೋಗಿದೆ. ಅವರು ಒದ್ದೆ ಗೋಣಿತಟ್ಟನ್ನು ಕಿಟಕಿಯ ಸಂದಿಗೆ ತುರುಕಿ, ದೀಪ ಹಚ್ಚಿಕೊಂಡು ಹಗಲು ಕಳೆಯುತ್ತಾರೆ.

ಆ ಓಣಿಯ ನಡುವಿನ ಮನೆ ಫಕ್ಕೀರೇಶನದು. ಎಂಟನೇ ಇಯತ್ತೆಯ ಅರ್ಧಕ್ಕೆ ಶಾಲೆ ಬಿಟ್ಟು ಗೋದಾಮಿನಲ್ಲಿ ಚೀಲ ಹೊರಲು ಹೋದವನು ಈಗಲೂ ಹೊರುತ್ತಿದ್ದಾನೆ. ಇಪ್ಪತ್ತೆಂಟರ ಪ್ರಾಯ, ಕಲ್ಲಿನಂಥ ಬೆನ್ನು, ಮೂಗಿನ ತುದಿಯಲ್ಲೇ ಸಿಟ್ಟು. ಅವನ ಸಿಟ್ಟಿಗೆ ಇದ್ದ ಒಂದೇ ಕಾರಣ ಮಗಳು ಪಾರಿ. ಆರು ವರ್ಷದ ಹುಡುಗಿ ಮಲಗಿದರೆ ಎದೆಯೊಳಗೆ ಯಾರೋ ಪೀಪಿ ಊದಿದಂತೆ ಕೇಳುತ್ತಿತ್ತು. ಡಾಕ್ಟರು ಔಷಧ ಬರೆದುಕೊಟ್ಟು, ಕೊನೆಗೆ ತಲೆ ಎತ್ತಿ ಹೇಳಿದ್ದರು: "ಈ ಗಾಳಿ ಬದಲಾಗ್ಲಿಲ್ಲ ಅಂದ್ರ ಔಷಧ ಏನು ಮಾಡೀತಪಾ? ಇನ್ನೊಂದು ಸುಗ್ಗಿ ಈ ಪುಡಿ ಕುಡದ್ರ ಈ ಕೂಸಿನ ಎದಿ ತಡಿಯಂಗಿಲ್ಲ."

ಗಾಳಿ ಬದಲಿಸುವುದು ಯಾರ ಕೈಯಲ್ಲಿದೆ? ಫಕ್ಕೀರೇಶ ಪುರಸಭೆಗೆ ಹೋದ. ಮೆಣಸಿನಕಾಯಿಯ ವಿಚಾರ ನಮ್ಮದಲ್ಲ, ಮಾರ್ಕೆಟ್ ಸಮಿತಿಗೆ ಹೋಗು ಎಂದರು. ಮಾರ್ಕೆಟ್ ಸಮಿತಿಯ ಗುಮಾಸ್ತ, ಧೂಳಿನ ವಿಚಾರ ರಾಜ್ಯದ್ದು ಎಂದ. ರಾಜ್ಯದ ಕಚೇರಿಯವರು, ಪುಡಿ ಪರದೇಶಕ್ಕೆ ಹೋಗುವ ಮಾಲು, ದಿಲ್ಲಿಯವರನ್ನು ಕೇಳು ಎಂದರು. ದಿಲ್ಲಿಯ ಸಹಾಯವಾಣಿಯಲ್ಲಿ ಒಂದು ಯಂತ್ರ ಇಂಪಾದ ದನಿಯಲ್ಲಿ, ದಯವಿಟ್ಟು ನಿಮ್ಮ ಪುರಸಭೆಯನ್ನು ಸಂಪರ್ಕಿಸಿ ಎಂದಿತು. ಗಾಣದ ಎತ್ತು ಸುತ್ತಿದಂತೆ ಸುತ್ತಿ ಬಂದವನು ಮೊಬೈಲನ್ನು ಗೋಡೆಗೆ ಎಸೆದ. ಅದು ಒಡೆಯಲಿಲ್ಲ. ಅದಕ್ಕೂ ಸಿಟ್ಟು ಬಂತು.

ಆ ವರ್ಷವೇ ಓಟು ಹಾಕುವ ಬೊಟ್ಟಿನ ಡಬ್ಬಿ ಬಂದದ್ದು.

ಸರ್ಕಾರ ಅದಕ್ಕಿಟ್ಟ ಹೆಸರು ಇಂಗಿತ ಯಂತ್ರ. ವರ್ಷವಿಡೀ ಒಂದಿಲ್ಲೊಂದು ಚುನಾವಣೆ ನಡೆಸಿ ಸಾಕಾಗಿದ್ದ ಸರ್ಕಾರ, ಇನ್ನು ಮುಂದೆ ಎಲ್ಲ ಚುನಾವಣೆಯೂ ಒಂದೇ ದಿನ, ಒಂದೇ ಯಂತ್ರದಲ್ಲಿ ಎಂದು ಕಾಯ್ದೆ ಮಾಡಿತ್ತು. ಡಬ್ಬಿಯ ಮೇಲೆ ಗಾಜಿನ ತಟ್ಟೆ. ಅದಕ್ಕೆ ಬೆರಳಿಟ್ಟರೆ ಒಳಗಿನ ಯಂತ್ರ ಬೆರಳಿನ ಒತ್ತಡ, ನಾಡಿಯ ಬಡಿತ, ಬೆವರಿನ ಪಸೆ ಎಲ್ಲವನ್ನೂ ಅಳೆಯುತ್ತದೆ. ಬೆರಳು ನಡುಗಿದರೆ, ತಡೆದು ನಿಂತರೆ, ಮತದಾರನಿಗೆ ಅನುಮಾನವಿದೆ ಎಂದು ತಿಳಿದು ಅಭ್ಯರ್ಥಿಗಳ ಹೆಸರು ಓದಿ ಹೇಳುತ್ತದೆ. ಮೊದಲೆರಡು ಚುನಾವಣೆಯಲ್ಲಿ ಬೆರಳು ತಡವರಿಸದೆ ಒಂದೇ ಗುರುತನ್ನು ಒತ್ತಿದರೆ, ಇವನ ಮನಸ್ಸು ಗಟ್ಟಿಯಾಗಿದೆ, ಸುಮ್ಮನೆ ಯಾಕೆ ತೊಂದರೆ ಕೊಡುವುದು ಎಂದು ಉಳಿದ ಚುನಾವಣೆಗಳಿಗೂ ಅದೇ ಗುರುತನ್ನು ತಾನೇ ತುಂಬಿಬಿಡುತ್ತದೆ. ಯಂತ್ರ ಕಟ್ಟುವಾಗ ಪಕ್ಷಕ್ಕೊಂದು ಗುರುತಿತ್ತು, ದಿಲ್ಲಿಗೂ ಹಳ್ಳಿಗೂ ಅದೇ ಗುರುತು. ಹೀಗಾಗಿ ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಇನ್ನೊಂದು ಕಾಯ್ದೆ ಬಂತು. ಪಕ್ಷದ ಗುರುತುಗಳು ರದ್ದಾದವು. ಪ್ರತಿ ಚುನಾವಣೆಗೂ ಬೇರೆ ಬೇರೆ ಚೀಟಿ ಎತ್ತಿ ಏಣಿ, ಕಿಟಕಿ, ಹೂಜಿ, ಬೀಗ ಎಂದು ಹಂಚುವ ಪದ್ಧತಿ ಶುರುವಾಯಿತು. ಈ ಸುದ್ದಿಯನ್ನು ಯಂತ್ರಕ್ಕೆ ಯಾರೂ ಹೇಳಲಿಲ್ಲ. ಫಕ್ಕೀರೇಶನಿಗೂ ಹೇಳಲಿಲ್ಲ.

ಅವನಿಗೆ ಗೊತ್ತಿದ್ದದ್ದು ಒಂದೇ. ತಮ್ಮ ವಾರ್ಡಿಗೆ ನಿಂತ ಮೆಹಬೂಬಿ ಟೀಚರು ಕಾರ್ಖಾನೆಯನ್ನು ಊರಾಚೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದಾರೆ, ಅವರ ಗುರುತು ಕಿಟಕಿ. ಕಿಟಕಿ! ಅವನಿಗೆ ಇದು ದೇವರೇ ಎತ್ತಿಕೊಟ್ಟ ಚೀಟಿಯಂತೆ ಕಂಡಿತು. ಚೀಲದ ಗಾಡಿಯ ಮೇಲೆ ನಿಂತು, ಕೊರಳಿನ ನರ ಉಬ್ಬಿಸಿ, "ಕಿಟಕಿ ತಗೀರಿ! ಕಿಟಕಿ ಒತ್ರಿ!" ಎಂದು ಒದರಿದ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಎರಡು ದಿನದಲ್ಲಿ ಆ ಕೂಗು ತಾಲೂಕಿನ ಕಿವಿಯಲ್ಲೆಲ್ಲ ಕುಳಿತಿತು. ಮದುವೆಯ ಬ್ಯಾಂಡಿನವರೂ ಅದಕ್ಕೊಂದು ತಾಳ ಕಟ್ಟಿದರು.

ಅವನ ಹೆಂಡತಿ ಕಸ್ತೂರಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಅಲ್ಲಿ ಅರ್ಧಂಬರ್ಧ ಕೇಳಿದ್ದನ್ನು ಮನೆಗೆ ತಂದಳು.

"ರೀ, ಐದು ಇಲೆಕ್ಷನ್ ಅದಾವಂತ. ದಿಲ್ಲೀದೊಂದು, ಬೆಂಗಳೂರಿಂದೊಂದು, ವಾರ್ಡಿಂದು, ಹಾಲಿನ ಸಂಘದ್ದು, ಮತ್ತ ಮಾರ್ಕೆಟ್ ಸಮಿತೀದು. ಎಲ್ಲಾದ್ರಾಗೂ ಕಿಟಕಿ ಒಬ್ಬರದ ಇರತೈತೇನು?"

"ಐದಿರ್ಲಿ ಐವತ್ತಿರ್ಲಿ, ಕಿಟಕಿ ಅಂದ್ರ ಕಿಟಕಿ!"

"ಅಲ್ರಿ, ನಂಗೂ ಸರಿ ತಿಳೀಲಿಲ್ಲ, ಅದಕ್ಕ ಕೇಳಿದ್ನಿ—"

"ತಿಳೀದಿದ್ರ ಸುಮ್ಕಿರು! ಕೂಸಿನ ಎದಿ ಸೀಟಿ ಹೊಡಿಯೂದು ಕೇಳಸ್ತೈತಿಲ್ಲ? ಅದಷ್ಟ ತಿಳಕೊ."

ಕಸ್ತೂರಿ ಸುಮ್ಮನಾದಳು. ಒಳಗೆ ಪಾರಿಯ ಎದೆ ಸುಮ್ಮನಾಗಲಿಲ್ಲ.

ಮತದಾನದ ದಿನ ಫಕ್ಕೀರೇಶ ಎಲ್ಲರಿಗಿಂತ ಮೊದಲು ಶಾಲೆಯ ಕೋಣೆಗೆ ಹೋಗಿ ನಿಂತ. ಯಂತ್ರಕ್ಕೆ ಬೆರಳಿಟ್ಟೊಡನೆ ಅದು ಅವನು ಯಾರೆಂದು ತಿಳಿದುಕೊಂಡಿತು. ಆಮೇಲೆ ಹೊರಗಿನ ಸಾಲಿಗೂ ಕೇಳುವಂತೆ ನುಡಿಯಿತು: "ಪದವೀಧರ ಕ್ಷೇತ್ರದ ಚುನಾವಣೆ. ತಾವು ಪದವೀಧರರಲ್ಲ. ಈ ಚುನಾವಣೆಯಲ್ಲಿ ತಮಗೆ ಮತದ ಹಕ್ಕಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಫಕ್ಕೀರೇಶನ ಕಿವಿ ಬಿಸಿಯಾದವು. ಡಿಗ್ರಿ ಓದಿದವನಿಗೆ ಒಂದು ಓಟು ಹೆಚ್ಚಿಗೆ ಇರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಚೀಲ ಹೊರುವ ಬೆನ್ನಿಗೆ ಯಾವ ಕ್ಷೇತ್ರವಿದೆ? ಪುಡಿ ಕುಡಿಯುವ ಕೂಸಿಗೆ ಯಾವ ಕ್ಷೇತ್ರ? ಅವನು ಹಲ್ಲು ಕಚ್ಚಿ, ಕಿಟಕಿಯ ಚಿತ್ರವನ್ನು ಗಾಜು ಕಿರುಗುಟ್ಟುವಂತೆ ಒತ್ತಿದ. ಮುಂದಿನ ಚುನಾವಣೆಯ ಕಿಟಕಿಯನ್ನೂ ಹಾಗೇ ಒತ್ತಿದ. ಸಿಟ್ಟಿನ ಬೆರಳು ನಡುಗುವುದಿಲ್ಲ, ತಡವರಿಸುವುದಿಲ್ಲ. ಸಿಟ್ಟು ಯಾವುದು, ಗಟ್ಟಿ ಮನಸ್ಸು ಯಾವುದು ಎಂದು ಬೇರೆ ಮಾಡಿ ನೋಡುವುದನ್ನು ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ.

"ತಮ್ಮ ಇಂಗಿತ ಸ್ಪಷ್ಟವಾಗಿದೆ. ಉಳಿದ ಮೂರು ಮತಗಳನ್ನು ತುಂಬಲಾಗಿದೆ. ಧನ್ಯವಾದ."

ಓಣಿಯ ಉಳಿದವರೂ ಅವನ ಹಿಂದೆಯೇ ಬಂದರು. ಅವನು ಒತ್ತಿದಂತೆಯೇ ಒತ್ತಿದರು.

ಫಲಿತಾಂಶ ಬಂದ ದಿನ ಓಣಿಯಲ್ಲಿ ಪಟಾಕಿ ಹಾರಿತು. ಮೆಹಬೂಬಿ ಟೀಚರು ವಾರ್ಡು ಗೆದ್ದಿದ್ದರು. ಕಿಟಕಿ ಗೆದ್ದಿತು ಎಂದು ಕುಣಿಯುತ್ತಿದ್ದವರ ನಡುವೆ ಒಂದು ಕಾರು ಬಂದು ನಿಂತಿತು. ಇಳಿದವರು ಅಂದಾನಪ್ಪ ಸಾವ್ಕಾರರು. ಕೊರಳಲ್ಲಿ ಹಾರ, ಕೈಯಲ್ಲಿ ಪೇಢೆಯ ಡಬ್ಬಿ. ನೇರವಾಗಿ ಫಕ್ಕೀರೇಶನ ಕಟ್ಟೆಗೆ ಬಂದರು.

"ತಗೋಪಾ ಫಕ್ಕೀರಣ್ಣ, ಬಾಯಿ ಸೀ ಮಾಡ್ಕೊ."

"ಏನು ಗೆದ್ದೀರಂತ ಪೇಢೆ?"

"ಮಾರ್ಕೆಟ್ ಸಮಿತಿ! ನನ್ನ ಗುರುತೂ ಕಿಟಕೀನ ಇತ್ತಲ್ಲೋ. ನಾ ಸೋತ್ನಿ ಅಂತ ಮನ್ಯಾಗ ಕುಂತಿದ್ನಿ. ನೀ ಒಬ್ಬಾಂವ ಒದರಿ ಒದರಿ ಗೆಲ್ಲಿಸಿದಿ. ಪ್ರಚಾರಕ್ಕ ನಾ ಒಂದು ಮೈಕ್ ಸುದ್ದಾ ಕಟ್ಟಿಲ್ಲ ನೋಡು." ಸಾವ್ಕಾರರು ಹೊಟ್ಟೆ ಕುಲುಕಿಸಿ ನಕ್ಕರು. "ಸಮಿತಿ ಕೈಗೆ ಬಂತು, ಬಾಜೂಕಿನ ಜಾಗಾನೂ ಬಂತು. ಮುಂದಿನ ಸುಗ್ಗಿಗೆ ಇನ್ನೊಂದು ಗಿರಣಿ ಕುಂದರಸ್ತೀನಿ. ನಿನಗ ಅಲ್ಲೇ ಒಂದು ಕೆಲಸ."

ಫಕ್ಕೀರೇಶನ ಕೈಯಲ್ಲಿ ಪೇಢೆ ಹಾಗೇ ಉಳಿಯಿತು. ಎಸೆಯಬೇಕೋ, ಕೆಳಗಿಡಬೇಕೋ ತಿಳಿಯಲಿಲ್ಲ. ಸಂಜೆಯೊಳಗೆ ಉಳಿದ ಸುದ್ದಿಯೂ ಬಂತು. ವಿಧಾನಸಭೆಗೆ ಕಿಟಕಿ ಗುರುತಿನಲ್ಲಿ ಗೆದ್ದವನು ಗೆಳೆಯರ ಜತೆ ಪಂಥ ಕಟ್ಟಿ ಅರ್ಜಿ ಹಾಕಿದ್ದ ಯಾವುದೋ ಊರಿನ ಒಬ್ಬ ಸೌಂಡ್ ಸಿಸ್ಟಮ್‌ನವನು. ಹಾಲಿನ ಸಂಘಕ್ಕೆ ಗೆದ್ದವನ ಮನೆಯಲ್ಲಿ ಎಮ್ಮೆಯೂ ಇಲ್ಲ, ಆಕಳೂ ಇಲ್ಲ. ದಿಲ್ಲಿಗೆ ಮಾತ್ರ ಕಿಟಕಿ ಸೋತಿತ್ತು. ಆ ಕ್ಷೇತ್ರ ದೊಡ್ಡದು, ಅವನ ಕೂಗು ಅಷ್ಟು ದೂರ ಮುಟ್ಟಿರಲಿಲ್ಲ.

ಓಡಿಹೋಗಿ ಮೆಹಬೂಬಿ ಟೀಚರ ಬಾಗಿಲು ಬಡಿದ. ಅವರು ಹಾರವನ್ನೂ ತೆಗೆಯದೆ ಕುರ್ಚಿಯಲ್ಲಿ ಕುಸಿದಿದ್ದರು.

"ಟೀಚರ್, ನೀವು ಗೆದ್ದೀರಲ್ಲ? ಕಾರ್ಖಾನಿ ಎತ್ತಸ್ರಿ ಮತ್ತ!"

"ತಮ್ಮಾ, ಇವತ್ತ ಪುರಸಭೆಯವರು ಕೂಡ್ರಿಸಿ ಹೇಳಿದ್ರು. ನನ್ನ ಕೈಯಾಗ ಇರೂದು ಗಟಾರ, ಬೀದಿದೀಪ, ನಳ. ಕಾರ್ಖಾನಿ ನಿಂತ ನೆಲ ಮಾರ್ಕೆಟ್ ಸಮಿತೀದಂತ. ನಾ ಸುಳ್ಳು ಹೇಳಿ ಓಟು ಕೇಳಲಿಲ್ಲಪಾ. ನನಗೂ ತಿಳಿದಿರಲಿಲ್ಲ."

"ಹಂಗಾದ್ರ ಸಮಿತಿಗೆ ಯಾರಿಗೆ ಒತ್ತಬೇಕಾಗಿತ್ತು?"

"ಬಸಲಿಂಗವ್ವಗ. ತೊಟ್ಟು ಬಿಡಸೂ ಹೆಣಮಕ್ಕಳ ಮುಖಂಡಿ. ಗಿರಣಿ ಹೆದ್ದಾರಿ ಆಚೆ ಒಯ್ಯಸ್ತೀನಿ ಅಂತ ಆಕಿನೂ ಹೇಳಿದ್ಲು. ಆಕಿದು ಏಣಿ ಗುರುತಿತ್ತು. ಒಂದು ಓಣಿಯಷ್ಟು ಓಟಿನಾಗ ಸೋತಾಳ." ಟೀಚರು ಕಣ್ಣೊರೆಸಿಕೊಂಡರು. "ಹಿಂಪಡಿಯೂ ಹಕ್ಕು ಅಂತ ಒಂದೈತಿ. ಯಂತ್ರ ತಾನಾಗೇ ತುಂಬಿದ ಓಟು ನಂದಲ್ಲ ಅಂತ ಹೇಳಬಹುದು. ಜಿಲ್ಲಾ ಮತಕೇಂದ್ರಕ್ಕ ಹೋಗು. ನಾಡದು ಸಂಜಿ ತನಕ ಅಷ್ಟ ವ್ಯಾಳೆ."

ಅಂದು ರಾತ್ರಿಯೇ ಹೋಗಿ ನೋಡಿದರೆ ಜಿಲ್ಲಾ ಮತಕೇಂದ್ರ ಆಸ್ಪತ್ರೆಯಷ್ಟು ತಣ್ಣಗಿತ್ತು. ಒಂದು ಗೋಡೆಯ ತುಂಬ ಪರದೆ, ಅದರ ಮುಂದೆ ಒಬ್ಬರೇ ಅಧಿಕಾರಿ, ಶಾಲ್ಮಲಾ ಮೇಡಂ. ನಿದ್ದೆಗೆಟ್ಟ ಕಣ್ಣು, ಆರಿಹೋದ ಚಹಾ.

"ಯಾವ ಚುನಾವಣೆಯ ಮತ ಹಿಂಪಡೀಬೇಕು?"

"ಕಿಟಕೀದ್ರೀ."

"ಕಿಟಕಿ ಅಂತ ಚುನಾವಣೆ ಇಲ್ಲರೀ."

"ಐದೂ ಕಿಟಕೀನ ಒತ್ತೀನ್ರಿ! ಅಲ್ಲ, ಎರಡು ಒತ್ತೀನಿ, ಮೂರು ನಿಮ್ಮ ಡಬ್ಬಿ ಒತ್ತೈತಿ! ನಂಗ ಹಕ್ಕಿಲ್ಲ ಅಂತ ಸಾಲಿನವರ ಮುಂದ ಒದರತೈತಿ, ಮತ್ತ ನನ್ನ ಕಡಿಂದ ತಾನ ಓಟು ಹಾಕತೈತಿ! ಇದೆಂಥಾ ನ್ಯಾಯ?"

"ಕೂಗಬ್ಯಾಡ್ರಿ. ಯಾರಿಗೆ ಹಾಕಿದ್ರಿ ಅಂತ ನನಗ ಹೇಳಲೂಬ್ಯಾಡ್ರಿ, ಅದು ಗುಟ್ಟು. ಯಾವುದನ್ನ ಯಂತ್ರ ತುಂಬೇತಿ ಅಷ್ಟ ನನಗ ಕಾಣತದ. ಅದು ಯಾವ ಚುನಾವಣೆ, ಏನಕ್ಕ ನಡೀತು, ಅದನ್ನ ನಿಮ್ಮ ಬಾಯಿಲೇ ಹೇಳಬೇಕು. ತಿಳಿದು ಹಿಂಪಡೀತಾರ ಅಂತ ಖಾತ್ರಿ ಆಗಬೇಕಲ್ಲ? ಕಾಯ್ದೆ ಹಂಗದ."

"ನನಗ ತಿಳೀತಿದ್ರ ನಾ ಇಲ್ಲಿಗ್ಯಾಕ ಬರ್ತಿದ್ನಿ?"

ಮೇಡಂ ಚಹಾದ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ ಪರದೆಯ ಮೇಲೆ ಮುದ್ದಾಪುರದ ನಕ್ಷೆ ತೆರೆದರು. ಅವನ ಮನೆಯ ಮೇಲೆ ಬೆರಳಿಟ್ಟರೆ ಚೌಕವೊಂದು ಹಳದಿಯಾಯಿತು. ಇದು ವಾರ್ಡು ಎಂದರು. ಇನ್ನೊಂದು ಗುಂಡಿ ಒತ್ತಿದರೆ ಅದೇ ಮನೆ ನೀಲಿಯಾಗಿ, ನೀಲಿ ಊರು ದಾಟಿ ಹಳ್ಳಿಗಳವರೆಗೆ ಹರಡಿತು. ಇದು ವಿಧಾನಸಭೆ. ಮತ್ತೊಂದು ಒತ್ತಿದರೆ ಜಿಲ್ಲೆಗೆ ಜಿಲ್ಲೆಯೇ ಹಸಿರಾಯಿತು. ಅದು ಲೋಕಸಭೆ. ಹಾಲಿನ ಸಂಘದ ಬಿಳಿ, ಮಾರ್ಕೆಟ್ಟಿನ ಕೆಂಪು. ಐದೂ ಬಣ್ಣವನ್ನು ಒಟ್ಟಿಗೆ ಹಾಕಿದಾಗ ಅವನ ಮನೆ ಒಂದು ಕೊಳಕು ಕಂದು ಚುಕ್ಕೆಯಾಗಿ ಉಳಿಯಿತು. ಫಕ್ಕೀರೇಶ ಪರದೆಯ ಹತ್ತಿರ ಬಗ್ಗಿ ನೋಡಿದ. ಒಂದೇ ಮನೆ, ಐದು ಊರಿನಲ್ಲಿ ಹೇಗಿದೆ? ತಾನು ಯಾವ ಊರಿನವನು?

"ಕಾರ್ಖಾನಿ ಯಾವ ಬಣ್ಣದಾಗ ಐತ್ರಿ?"

"ಹಳದಿ. ಪುರಸಭೆ." ಮೇಡಂ ಒತ್ತಿದರು. ಕಾರ್ಖಾನೆಯ ಜಾಗ ಹಳದಿಯಾಗಲಿಲ್ಲ. ಹುಬ್ಬು ಗಂಟಿಕ್ಕಿ ನೀಲಿ ಒತ್ತಿದರು. ನೀಲಿ ಎಲ್ಲ ಕಡೆಯೂ ಇತ್ತು, ಅದರಿಂದ ಏನೂ ತಿಳಿಯಲಿಲ್ಲ. ಕೊನೆಗೆ ಕೆಂಪು ಒತ್ತಿದಾಗ ಕಾರ್ಖಾನೆ ಕೆಂಡದಂತೆ ಹೊತ್ತಿತು. "ಅಯ್ಯ, ಇದು ಮಾರ್ಕೆಟ್ಟಿನ ಯಾರ್ಡಿನೊಳಗದ. ನಾನೂ ಪುರಸಭೆದ್ದಂತನ ತಿಳಕೊಂಡಿದ್ದೆ ನೋಡ್ರಿ."

"ನೀವು ಪದವೀಧರ್ರ ಏನ್ರಿ?"

"ಹೌದು. ಯಾಕ?"

"ಏನಿಲ್ರಿ," ಎಂದ ಫಕ್ಕೀರೇಶ. ಬಂದಾಗಿನಿಂದ ಮೊದಲ ಸಲ ಅವನ ದನಿ ಇಳಿದಿತ್ತು.

ಮೇಡಂ ನಕ್ಕುಬಿಟ್ಟರು. ಆಮೇಲೆ ಹೇಳಿದರು: "ನಿಮ್ಮೊಬ್ಬರ ಮತ ಹಿಂಪಡದ್ರ ಏನೂ ಆಗಂಗಿಲ್ಲ. ಗೆದ್ದ ಅಂತರಕ್ಕಿಂತ ಹೆಚ್ಚು ಮಂದಿ ಬಂದು ಹಿಂಪಡದ್ರ ಆ ಒಂದು ಚುನಾವಣೆ ಮತ್ತ ನಡೀತದ. ಓಣಿ ಮಂದೀನ ಕರ್ಕೊಂಡು ಬರ್ರಿ. ಆದ್ರ ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು."

ಮಾರನೆಯ ದಿನ ಓಣಿಯ ಹಿರಿಯಳಾದ ದ್ಯಾಮಜ್ಜಿಯ ಅಂಗಳದಲ್ಲಿ ಹೆಂಗಸರೆಲ್ಲ ಮೆಣಸಿನಕಾಯಿಯ ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಕೆಲಸಕ್ಕೆ ಹೋಗದ ಗಂಡಸರು ಗೋಡೆಗೆ ಒರಗಿದ್ದರು. ಫಕ್ಕೀರೇಶ ಹಳದಿ, ನೀಲಿ, ಹಸಿರು ಎಂದು ಶುರುಮಾಡಿದ. ಕೆಂಪಿಗೆ ಬರುವಷ್ಟರಲ್ಲಿ ತಾನೇ ತಪ್ಪಿದ. ಹಾಲಿನ ಸಂಘವನ್ನು ದಿಲ್ಲಿಗೆ ಕಳಿಸಿಬಿಟ್ಟ.

"ದಿಲ್ಲಿಯವರು ಬಂದು ನನ್ನ ಎಮ್ಮಿ ಹಿಂಡತಾರೇನೋ?" ಎಂದಳು ದ್ಯಾಮಜ್ಜಿ. ಅಂಗಳವೆಲ್ಲ ನಕ್ಕಿತು.

"ನಗಬ್ಯಾಡ್ರಿ! ನಾಳೆ ಸಂಜಿಗೆ ವ್ಯಾಳೆ ಮುಗೀತೈತಿ! ಹೇಳಿದ್ದು ಕೇಳ್ರಿ!"

"ಎಲಾ ಇವನ, ಮೊನ್ನಿ ನೀ ಒದರಿದಿ ಅಂತ ಒತ್ತಿದ್ವಿ. ಇವತ್ತ ಮತ್ತ ಒದರಾಕತ್ತಿ. ನೀ ಒದರೂದು, ನಾವು ಒತ್ತೂದು, ಸಾವ್ಕಾರ ಗೆಲ್ಲೂದು. ಇದ ಆತಲ್ಲ?" ಎಂದಳು ಅಜ್ಜಿ.

ಫಕ್ಕೀರೇಶನ ಒಳಗಿನಿಂದ ಉಕ್ಕಿದ ಸಿಟ್ಟಿಗೆ ಹೋಗಲು ದಾರಿಯೇ ಇರಲಿಲ್ಲ. ಅವನು ಕಸ್ತೂರಿಯ ಪಕ್ಕದಲ್ಲಿ ದೊಪ್ಪನೆ ಕುಳಿತು, ಒಂದು ಮೆಣಸಿನಕಾಯಿ ಎತ್ತಿಕೊಂಡು ತೊಟ್ಟು ಮುರಿದ.

"ನಂಗೂ ತಿಳಿದಿಲ್ಲಬೇ ಅಜ್ಜಿ," ಎಂದ ಮೆಲ್ಲಗೆ. "ಕಸ್ತೂರಿ ಕೇಳಿದ್ಲು, ನಾ ಬಾಯಿ ಮುಚ್ಚಿಸಿದ್ನಿ."

ಕಸ್ತೂರಿ ಅವನತ್ತ ನೋಡದೆ ಕೇಳಿದಳು: "ಗಟಾರ ತುಂಬಿ ಮನಿಯೊಳಗ ಬಂದ್ರ ಯಾರನ್ನ ಬೈತೀರಿ?"

"ಪುರಸಭೆಯವ್ರನ್ನ," ಎಂದರು ನಾಲ್ಕಾರು ಮಂದಿ ಒಟ್ಟಿಗೆ.

"ಅದು ವಾರ್ಡಿಂದು. ಹಾಲಿನ ಬಟವಾಡೆ ತಡ ಆದ್ರ?"

"ಸಂಘದ ಆ ಕಾರ್ಯದರ್ಶಿ ಮೂಳನ್ನ!" ದ್ಯಾಮಜ್ಜಿ ಕೂಗಿದಳು. ಅವಳ ಕಣ್ಣು ಮಿಂಚಿತು. ಬೈಯುವ ವಿಷಯ ಬಂದರೆ ಆ ಅಂಗಳದಲ್ಲಿ ಅವಳಿಗಿಂತ ದೊಡ್ಡವರಿರಲಿಲ್ಲ. "ಬಸ್ ಬರಲಿಲ್ಲ ಅಂದ್ರ ಬೆಂಗಳೂರಿನವ್ರನ್ನ ಬೈತೀನಿ. ರೈಲು ಬರಲಿಲ್ಲ ಅಂದ್ರ ದಿಲ್ಲಿಯವ್ರನ್ನ. ಮೆಣಸಿನಕಾಯಿ ತೂಕದಾಗ ಹೊಡದ್ರ ಮಾರ್ಕೆಟ್ಟಿನವ್ರನ್ನ. ಇದೇನು ಹೊಸಾದು? ಇವ್ರನ್ನ ಬೈಕೋಂತನ ಮುದುಕಿ ಆಗೇನಿ."

"ಮತ್ತ ಗಿರಣಿ ಧೂಳಿಗೆ ಯಾರನ್ನ ಬೈತಿದ್ದಿಬೇ?" ಎಂದ ಫಕ್ಕೀರೇಶ.

ಅಜ್ಜಿ ಮೆಣಸಿನಕಾಯಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ದೇವ್ರನ್ನ," ಎಂದಳು.

ಈಗ ಯಾರೂ ನಗಲಿಲ್ಲ. ಇಷ್ಟು ವರ್ಷ ಓಣಿಯ ಬೈಗುಳವೆಲ್ಲ ವಿಳಾಸ ತಪ್ಪಿ ಹೋಗಿತ್ತು. ಅಂದು ಸಂಜೆಯವರೆಗೂ ಅವರು ಯಾರನ್ನು ಯಾವುದಕ್ಕೆ ಬೈಯಬೇಕು ಎಂದು ಜಗಳಾಡಿದರು. ಶಾಲೆಯ ಮಾಡು ಸೋರಿದರೆ ಬೆಂಗಳೂರೋ, ಪುರಸಭೆಯೋ? ಅಂಚೆಯವನು ಬರದಿದ್ದರೆ? ಕೆಲವಕ್ಕೆ ಉತ್ತರ ಸಿಕ್ಕಿತು, ಕೆಲವಕ್ಕೆ ಸಿಗಲಿಲ್ಲ. ಫಕ್ಕೀರೇಶ ಒದರಲಿಲ್ಲ. ಅವನಿಗೂ ಅರ್ಧ ತಿಳಿದಿತ್ತು, ಅರ್ಧ ಇನ್ನೂ ಕಂದುಬಣ್ಣದ ಚುಕ್ಕೆಯಾಗಿಯೇ ಇತ್ತು.

ಮರುದಿನ ಮೆಣಸಿನಕಾಯಿಯ ಲಾರಿಯಲ್ಲಿ ಓಣಿಯೇ ಮತಕೇಂದ್ರಕ್ಕೆ ಬಂದಿಳಿಯಿತು. ತಣ್ಣನೆಯ ಕೋಣೆ ಘಾಟಿನಿಂದ ತುಂಬಿ ಶಾಲ್ಮಲಾ ಮೇಡಂ ಸೀನತೊಡಗಿದರು.

"ಅಜ್ಜಿ, ಯಾವ ಚುನಾವಣೆಯ ಮತ ಹಿಂಪಡೀತೀರಿ?"

"ತೂಕದಾಗ ಹೊಡದ್ರ ನಾ ಯಾರನ್ನ ಬೈತೀನಿ, ಅವರದು."

"ಯಾರನ್ನ ಬೈತೀರಿ?"

"ಮಾರ್ಕೆಟ್ ಸಮಿತಿಯವ್ರನ್ನ. ಗಿರಣಿ ಅವರ ನೆಲದಾಗ ಕುಂತೈತಿ. ಇಷ್ಟು ದಿನ ದೇವ್ರನ್ನ ಬೈದು ಪಾಪ ಕಟಗೊಂಡೆ. ಇನ್ಮ್ಯಾಲ ಇವರನ್ನ ಬೈತೀನಿ."

ಮೇಡಂ ಸೀನಿ, ಮೂಗೊರೆಸಿಕೊಂಡು, ಪರದೆಯ ಮೇಲೆ 'ತಿಳಿದು ಹಿಂಪಡೆದಿದ್ದಾರೆ' ಎಂಬ ಗುಂಡಿ ಒತ್ತಿದರು. ಈ ಪರೀಕ್ಷೆಯನ್ನು ಎಲ್ಲರೂ ದಾಟಲಿಲ್ಲ. ಒಬ್ಬ ಮಾರ್ಕೆಟ್ ಸಮಿತಿಯನ್ನು ದಿಲ್ಲಿಯಲ್ಲಿಟ್ಟ. ಇನ್ನೊಬ್ಬಳು ಹೆದರಿ, ಕಿಟಕಿ ಕಿಟಕಿ ಎಂದಷ್ಟೇ ಹೇಳಿ ಅತ್ತಳು. ಗಡುವು ಮುಗಿಯುವ ಹೊತ್ತಿಗೆ ಪರದೆಯಲ್ಲಿ ಕೆಂಪು ಬಣ್ಣ ಮಿನುಗಿತು: ಮಾರುಕಟ್ಟೆ ಸಮಿತಿ, ಮರುಮತದಾನ.

"ಉಳದ ಕಿಟಕಿಗಳು?" ಎಂದ ಅವನು. "ಆ ಸೌಂಡ್ ಸಿಸ್ಟಮ್‌ನಾಂವ?"

"ವಿಧಾನಸಭೆ ಅಂದ್ರ ತಾಲೂಕಿನ ಮಂದಿಯೆಲ್ಲ ಬರಬೇಕಾಗ್ತದ. ಅಂವ ಇನ್ನ ಐದು ವರ್ಷ ನಿಮ್ಮ ಶಾಸಕ," ಎಂದರು ಮೇಡಂ. "ಸಹಿಸ್ಕೋಬೇಕು."

ಮರುಮತದಾನಕ್ಕೆ ಹೊಸದಾಗಿ ಚೀಟಿ ಎತ್ತಿದರು. ಬಸಲಿಂಗವ್ವನಿಗೆ ಬಂದ ಗುರುತು ಬೀಗ.

"ಬೀಗ!" ಎಂದು ತಲೆ ಹಿಡಿದುಕೊಂಡ ಫಕ್ಕೀರೇಶ. "ಕಿಟಕಿ ತಗಿಯಾಕ ಬೀಗ ಒತ್ತಬೇಕೇನು? ಮಂದಿಗೆ ಏನಂತ ಒದರಲಿ?"

"ಒದರಬ್ಯಾಡ್ರಿ," ಎಂದಳು ಕಸ್ತೂರಿ. "ತಡದು ಒತ್ರಿ ಅಂತ ಹೇಳ್ರಿ."

ಹಾಗೆಯೇ ಮಾಡಿದ. ಈ ಸಲ ಗಾಡಿ ಹತ್ತಲಿಲ್ಲ. ಮನೆಮನೆಯ ಕಟ್ಟೆಗೆ ಕುಳಿತು, ಗುರುತು ನಂಬಬ್ಯಾಡ್ರಿ, ಹೆಸರು ಕೇಳ್ರಿ ಎಂದಷ್ಟೇ ಹೇಳಿದ. ಹುಡುಗರು ಅವನನ್ನು ಕಿಟಕಿ ಮಾಮಾ ಎಂದು ಅಣಕಿಸಿದರು. ಅಣಕಿಸಿಕೊಂಡ.

ಮತದಾನದ ದಿನ ಗಾಜಿನ ತಟ್ಟೆಯ ಮೇಲೆ ಬೆರಳಿಟ್ಟ. ಪರದೆಯ ಮೇಲೆ ಬೀಗ, ಹೂಜಿ, ಏಣಿ, ಕಿಟಕಿ. ಕಿಟಕಿಯನ್ನು ಕಂಡೊಡನೆ ಬೆರಳು ತಾನಾಗಿಯೇ ಅತ್ತ ಹೊರಳಿತು. ನಿಲ್ಲಿಸಿದ. ಬೀಗ ಬಸಲಿಂಗವ್ವನದೇ ಹೌದೇ? ನಿನ್ನೆ ಟೀಚರು ಹೇಳಿದ್ದು ಬೀಗವೋ, ಹೂಜಿಯೋ? ಹಣೆಯಲ್ಲಿ ಬೆವರೊಡೆಯಿತು. ಬೆರಳು ನಡುಗಿತು.

"ತಮ್ಮ ಇಂಗಿತ ಅಸ್ಪಷ್ಟವಾಗಿದೆ," ಎಂದಿತು ಯಂತ್ರ. "ತಮಗೆ ಅನುಮಾನವಿದೆಯೇ?"

ಹೊರಗೆ ಸಾಲು ಕೇಳಿಸಿಕೊಳ್ಳುತ್ತಿತ್ತು. ಫಕ್ಕೀರೇಶನಿಗೆ ನಾಚಿಕೆಯಾಗಲಿಲ್ಲ.

"ಐತವಾ. ಭಾಳ ಐತಿ. ಹೆಸರು ಓದು."

ಯಂತ್ರ ಓದಿತು. ಒಂದೊಂದು ಹೆಸರಿಗೂ ಅವನು, ಇನ್ನೊಮ್ಮೆ ಓದು ಎಂದ. ಅದು ಬೇಸರಿಸದೆ ಮತ್ತೆ ಓದಿತು. ಮೊದಲ ಸಲ ಇದೇ ಯಂತ್ರ ಅವನ ಸಿಟ್ಟನ್ನು ಕಸಿದುಕೊಂಡು ತನಗೆ ತೋಚಿದಂತೆ ಹಂಚಿತ್ತು. ಗೊಂದಲವನ್ನು ಕಸಿದುಕೊಳ್ಳಲು ಅದಕ್ಕೆ ಆಗಲಿಲ್ಲ. ಕಾದು ನಿಲ್ಲುವುದೊಂದೇ ಅದಕ್ಕೆ ಉಳಿದ ದಾರಿ.

ಅವನ ಹಿಂದೆ ಕಸ್ತೂರಿ ತಡೆದಳು. ಅವಳ ಹಿಂದೆ ದ್ಯಾಮಜ್ಜಿ ಯಂತ್ರದೊಡನೆ ಚರ್ಚೆಗೇ ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಸಾಲು ಶಾಲೆಯ ಗೇಟು ದಾಟಿ ರಸ್ತೆಗೆ ಬಂತು. ಮೆಹಬೂಬಿ ಟೀಚರ ಮೊಬೈಲಿಗೆ ಶಾಲ್ಮಲಾ ಮೇಡಂ ಕರೆ ಮಾಡಿದರು. ಟೀಚರು ಅದನ್ನು ಫಕ್ಕೀರೇಶನ ಕೈಗೆ ಕೊಟ್ಟರು.

"ಏನಾಗೇದರೀ ಮುದ್ದಾಪುರದಾಗ? ಒಬ್ಬರ ಬೆರಳೂ ಸ್ಪಷ್ಟ ಬರವಲ್ದು. ಯಂತ್ರ ಕೆಟ್ಟದೇನು?"

"ಯಂತ್ರ ಬರೋಬ್ಬರಿ ಐತ್ರಿ ಮೇಡಂ," ಎಂದ ಫಕ್ಕೀರೇಶ. "ಈ ಸಲ ನಾವ ಓಟು ಹಾಕಾಕತ್ತೀವಿ. ಅದಕ್ಕ ತಡ ಆಗಾಕತ್ತೈತಿ."

ಬಸಲಿಂಗವ್ವ ಗೆದ್ದಳು. ಕುಣಿಯುವಷ್ಟು ದೊಡ್ಡ ಗೆಲುವಲ್ಲ. ಅಂದಾನಪ್ಪ ಸಾವ್ಕಾರರು ಪೇಢೆ ತರಲಿಲ್ಲ. ಸಮಿತಿಯ ಮೊದಲ ಸಭೆಯಲ್ಲಿ ಗಿರಣಿಯನ್ನು ಸುಗ್ಗಿಗೆ ಮೊದಲೇ ಹೆದ್ದಾರಿಯ ಆಚೆಗೆ ಸಾಗಿಸಬೇಕೆಂದು ಠರಾವಾಯಿತು. ನಡುವೆ ಹೊಸ ಶಾಸಕ ಒಮ್ಮೆ ಊರಿಗೆ ಬಂದು, ದೊಡ್ಡ ಸ್ಪೀಕರಿನಲ್ಲಿ ಭಾಷಣ ಮಾಡಿ, ಮುದ್ದಾಪುರದ ಹೆಸರನ್ನೇ ತಪ್ಪಾಗಿ ಹೇಳಿ ಹೋದ. ಫಕ್ಕೀರೇಶ ಹಲ್ಲು ಕಚ್ಚಿ ಕೇಳಿಸಿಕೊಂಡ. ಅದು ತನ್ನ ಬೆರಳೇ ಮಾಡಿದ್ದು.

ಗಿರಣಿಯ ಕೊನೆಯ ಭಾಗವನ್ನು ಲಾರಿಗೆ ಏರಿಸಿದ ಮರುದಿನ ಬೆಳಗ್ಗೆ ಪಾರಿ ಕಿಟಕಿಯ ಬಳಿ ನಿಂತು ಗೋಣಿತಟ್ಟನ್ನು ಎಳೆಯುತ್ತಿದ್ದಳು. ಎದೆಯಲ್ಲಿ ಪೀಪಿ ಇನ್ನೂ ಇತ್ತು, ಸಣ್ಣಗೆ.

"ಅಪ್ಪಾ, ತಗೀಲೇನು?"

ಕಸ್ತೂರಿ ಒಲೆಯ ಮುಂದಿನಿಂದ ತಿರುಗಿ ಗಂಡನನ್ನು ನೋಡಿದಳು. ತಗೀ ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತಾನೆಂದುಕೊಂಡಳು.

"ತಡಿ ಪಾರಿ," ಎಂದ ಫಕ್ಕೀರೇಶ. ಕಟ್ಟೆಗೆ ಬಂದ. ಗಿರಣಿ ಹೋದ ಹೆದ್ದಾರಿಯ ಕಡೆಗೆ ಒಮ್ಮೆ ನೋಡಿದ. ಓಟು ಒತ್ತಿದ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿ ಮೇಲೆತ್ತಿ ಹಿಡಿದ. "ಮೊದ್ಲ ಗಾಳಿ ಯಾ ಕಡಿಂದ ಬರತೈತಿ ನೋಡೂನು."